ಕನಸಿಗೊಂದು ಅಡಿಟಿಪ್ಪಣಿ

ನಮ್ಮ ಸೀಮೆಯ ಕೆರೆ, ಗುಡಿ, ಹಾಡುಗಳ ಬಗ್ಗೆ ಬರೆದವರು ಹಲವರಿದ್ದಾರೆ. ಆದರೆ ಬರೆದ ಪ್ರತಿ ಮಾತೂ ಎಲ್ಲಿಂದ ಬಂತೆಂದು ಕೇಳಿ, ಅದು ಬಂದ ದಾರಿಯನ್ನೇ ಹಿಡಿದು ನಡೆದು ನೋಡಿದವರೆಂದರೆ ನನಗೆ ಮೊದಲು ನೆನಪಾಗುವವರು ಡಾ. ಗುರುಬಸವರಾಜ ಅವರು. ಹರಪನಹಳ್ಳಿಯಲ್ಲಿ ಕನ್ನಡ ಉಪನ್ಯಾಸಕರಾಗಿ ಸೇವೆ ಆರಂಭಿಸಿ, ಹಡಗಲಿಯಲ್ಲಿ ಕೆಲಕಾಲ ದುಡಿದು, ಈಗ ಕೊಟ್ಟೂರಿನಲ್ಲಿ ನಿವೃತ್ತರಾಗುತ್ತಿರುವ ಅವರ ಅಭಿನಂದನ ಗ್ರಂಥದಲ್ಲಿ, ಅವರಿಗಿಂತ ವಯಸ್ಸಿನಲ್ಲಿ ಹಿರಿಯಳಾದ ಈ ವಿದ್ಯಾರ್ಥಿನಿಗೂ ಜಾಗ ಸಿಕ್ಕಿದ್ದು ನನ್ನ ಭಾಗ್ಯ.

ಕೂಡ್ಲಿಗಿಯ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಒಂದೊಂದೇ ಪರೀಕ್ಷೆ ದಾಟುತ್ತ, ಮೊಮ್ಮಕ್ಕಳು ಶಾಲೆಗೆ ಹೋಗುವ ಕಾಲಕ್ಕೆ ನಾನು ಅವರ ಎಂ.ಎ. ತರಗತಿಗೆ ಬಂದೆ. ನನ್ನ ಮೊಣಕಾಲು ಮೆಟ್ಟಿಲಿಗೆ ಒಲ್ಲೆನ್ನುವುದನ್ನು ಕಂಡು, ಯಾರಿಗೂ ಕಾರಣ ಹೇಳದೆ, ಅವರು ತರಗತಿಯನ್ನೇ ಕೆಳಗಿನ ಕೋಣೆಗೆ ಇಳಿಸಿಬಿಟ್ಟರು. ಅಲ್ಲಿ ಕಿಟಕಿಯಾಚೆ ಬೇವಿನ ಮರ. ಅದರ ನೆರಳು ಕರಿಹಲಗೆಯ ಮೇಲೆ ತೂಗುತ್ತಿದ್ದರೆ, ಅವರ ಪಾಠ ನೀರಿನೊಳಗಿಂದ ಕೇಳಿದಂತೆ ಕೇಳುತ್ತಿತ್ತು.

ಒಮ್ಮೆ ಸಹಪಾಠಿ ಸುಮಲತಾ ತನ್ನ ಪ್ರಬಂಧದ ಕೊನೆಗೆ 'ಆಕರ: ಗೂಗಲ್' ಎಂದು ಬರೆದಿದ್ದಳು. ಸರ್ ನಕ್ಕು, "ಗೂಗಲ್ ಅಂದ್ರ ನಮ್ಮೂರ ಬಸ್ ಸ್ಟ್ಯಾಂಡ್ ಇದ್ದಂಗವ್ವ. ಬಸ್ ಅಲ್ಲಿ ನಿಂತಿರತೈತಿ, ಖರೆ. ಯಾವೂರಿಂದ ಬಂತು, ಯಾರು ಹೊಡಕಂಡು ಬಂದ್ರು, ಅದನ್ನ ಬರಿ," ಎಂದರು. ಆಧಾರವನ್ನು ತೂಗುವ ಬಗೆಯನ್ನು ಇದಕ್ಕಿಂತ ತಿಳಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ನನ್ನ ಕಿರುಪ್ರಬಂಧ ಕೆರೆಯ ಹಾಡುಗಳನ್ನು ಕುರಿತದ್ದು. ಹೊಳಲಿನ ಹತ್ತಿರದ ಹಳ್ಳಿಯೊಂದರ ಎರ್ರಮ್ಮ ಎಂಬ ಕೂಲಿ ಹೆಣ್ಣುಮಗಳು ಹಾಡಿದ ಹಾಡಿನ ಕೊನೆಯ ನುಡಿ ಹೀಗಿತ್ತು:

ಕೊಳ್ಳಾನ ಸರ ಮಾರಿ ಕೆರಿಗೆ ಕಲ್ಲಿಡಿಸ್ಯಾಳ
ಹಳ್ಳಾದ ನೀರ ತಡದಾಳ – ಬೊಮ್ಮವ್ವ
ಬೆಳ್ಳಾನ ಬೆಳಕ ಹರದಾಂಗ

ಆ ಊರಿನ ಕೆರೆಯನ್ನು ಬೊಮ್ಮವ್ವ ಎಂಬ ಹೆಣ್ಣು ಕಟ್ಟಿಸಿದಳೆಂದು ಈ ಮೂರು ಸಾಲಿನ ಬಲದಿಂದಲೇ ಇಡೀ ಅಧ್ಯಾಯ ಬರೆದು, 'ಜನಪದರಲ್ಲಿ ಪ್ರಚಲಿತ' ಎಂದು ಟಿಪ್ಪಣಿ ಕೊಟ್ಟಿದ್ದೆ. ಸರ್ ಅಂಚಿನಲ್ಲಿ ಪೆನ್ಸಿಲಿನಿಂದ, 'ಯಾವ ಜನಪದರು?' ಎಂದು ಬರೆದರು. ಮುಂದಿನ ಭಾನುವಾರ ನನ್ನೊಡನೆ ಬಸ್ಸು ಹತ್ತಿದರು.

ಎರ್ರಮ್ಮ ತಮ್ಮ ಮನೆಯಲ್ಲಿ ಸೆಕೆಯೆಂದು ನಮ್ಮನ್ನು ಹೊಳಲಿನ ಅನಂತಶಯನನ ಗುಡಿಗೆ ಕರೆದೊಯ್ದರು. ಒಳಗೆ ದೇವರು ಮಲಗಿದ್ದ. ಹೊರಗೆ ಮಧ್ಯಾಹ್ನವೂ ಮಲಗಿದಂತಿತ್ತು.

"ಹಾಡು ಯಾರು ಕಲಿಸಿದ್ರಮ್ಮ?" ಎಂದು ಸರ್ ಕೇಳಿದರು.

"ನಮ್ಮಕ್ಕ ಜಂಬಕ್ಕ ಕಲಿಸಿದ್ಳ್ರಿ, ಹೊಲದಾಗ ಕಳೇವು ತಗೀವಾಗ. ಕೊನೀ ನುಡಿ ಮಾತ್ರ ಆಕಿ ಸತ್ತ ಮ್ಯಾಗ ಕಲಿಸಿದ್ಳು."

"ಸತ್ತ ಮ್ಯಾಗ ಹೆಂಗ ಕಲಿಸ್ತಾಳ ಬೇ?" ಎಂದೆ ನಾನು.

"ಕನಸಿನಾಗ. ಕೆರಿ ಏರಿ ಮ್ಯಾಲ ಕುಂತಿದ್ಳು, ನೀರಾಗ ಕಾಲು ಬಿಟ್ಕಂಡು. ಒಂದೇ ಸಲ ಹಾಡಿದ್ಳು. ಏಳೂದ್ರಾಗ ನನ್ನ ಬಾಯಾಗಿತ್ತು." ನನ್ನ ಮುಖ ನೋಡಿ ರೇಗಿದರು. "ಹಂಗ್ಯಾಕ ನೋಡ್ತೀಬೇ? ಮಲಗಿದ ದೇವ್ರ ಮುಂದ ಕುಂತು ಕನಸು ಸುಳ್ಳಂತೀಯೇನು?"

ಸರ್ ನಗಲಿಲ್ಲ. ಹಳ್ಳಿಗೆ ಮರಳಿ ಮನೆಮನೆಯ ಮುದುಕಿಯರನ್ನು ಕೇಳಿದರು. ಹಾಡು ಎಲ್ಲರಿಗೂ ಗೊತ್ತಿತ್ತು. ಆ ನುಡಿ ಯಾರಿಗೂ ಗೊತ್ತಿರಲಿಲ್ಲ. ಹೊರಡುವಾಗ ಎರ್ರಮ್ಮ ಬಸ್ಸಿನವರೆಗೂ ಬಂದರು.

"ಅದನ್ನ ಕಿತ್ತಿ ಒಗೀತೀರೇನ್ರಿ? ಒಗದ್ರ ನಮ್ಮಕ್ಕ ತಿರುಗಿ ಸತ್ತಂಗ ನೋಡ್ರಿ."

ಬಸ್ಸಿನಲ್ಲಿ ಸರ್, "ಗೀತಮ್ಮಾರ, ನುಡಿ ಇರ್ಲಿ. ಆದ್ರ ಅದರ ಮ್ಯಾಲ ನೀವು ಕೆರಿ ಕಟ್ಟಬ್ಯಾಡ್ರಿ," ಎಂದರು. ನನಗೆ ಅಳು ಬಂತು. ಪ್ರಬಂಧ ಒಪ್ಪಿಸುವ ದಿನ ಹತ್ತಿರವಿತ್ತು. ಅಧ್ಯಾಯದ ಜೀವವೇ ಆ ವಾದವಾಗಿತ್ತು. ವಾದವನ್ನು ಹೊಡೆದುಹಾಕಿದೆ. ಸರ್ ತಮ್ಮ ರಜೆಯ ದಿನಗಳಲ್ಲಿ ಎದುರು ಕುಳಿತು, ಒಂದು ಸಾಲನ್ನೂ ತಾವು ಬರೆಯದೆ, ಅಧ್ಯಾಯವನ್ನು ಮತ್ತೆ ನನ್ನಿಂದಲೇ ಬರೆಯಿಸಿದರು. ಅಡಿಟಿಪ್ಪಣಿ ಹೀಗಾಯಿತು: 'ಹಾಡಿದವರು ಎರ್ರಮ್ಮ. ಈ ನುಡಿಯನ್ನು ಮೃತ ಅಕ್ಕ ಜಂಬಕ್ಕನಿಂದ ಕನಸಿನಲ್ಲಿ ಕೇಳಿದ್ದಾಗಿ ಅವರ ಹೇಳಿಕೆ. ಊರಿನ ಬೇರೆ ಹಾಡುಗಾರ್ತಿಯರಲ್ಲಿ ದೊರೆತಿಲ್ಲ.'

ಮೌಖಿಕ ಪರೀಕ್ಷೆಗೆ ಬಂದ ಹಿರಿಯರು ಕನ್ನಡಕ ತೆಗೆದು, "ಏನ್ರೀ ಇದು, ಕನಸಿಗೆ ಪುಟಸಂಖ್ಯೆ ಎಷ್ಟು?" ಎಂದು ನಕ್ಕರು, ಇದನ್ನು ತೆಗೆದರಷ್ಟೇ ಸಹಿ ಎಂದರು. ನಾನು ತೆಗೆಯಲೂ ಸಿದ್ಧಳಿದ್ದೆ. ಆದರೆ ಸರ್, ತಮಗಿಂತ ಹಿರಿಯರೆದುರು ಎಂದೂ ದನಿ ಎತ್ತದವರು, ಆಗಲೂ ಎತ್ತದೆ, "ಪುಟ ಇಲ್ಲ ಸರ್. ಊರು ಐತಿ, ಹೇಳಿದವರು ಅದಾರ. ಅನುಮಾನ ಇದ್ದವರು ಹೋಗಿ ಕೇಳಬಹುದು. ಆಕರ ಅಂದ್ರ ಅಷ್ಟೇ ಅಲ್ಲೇನ್ರಿ?" ಎಂದರು. ಪರೀಕ್ಷಕರು ಆ ಪುಟವನ್ನು ಮತ್ತೊಮ್ಮೆ ಓದಿ ಸಹಿ ಹಾಕಿದರು.

ಸರ್ ಜೊತೆ ಪ್ರಬಂಧದ ಪ್ರತಿಯನ್ನು ಹಳ್ಳಿಗೆ ಒಯ್ದು ನಾನು ಅಡಿಟಿಪ್ಪಣಿಯನ್ನು ಓದಿ ಹೇಳಿದಾಗ ಎರ್ರಮ್ಮ ನಾನು ತೋರಿಸಿದ 'ಜಂಬಕ್ಕ' ಎಂಬ ಅಕ್ಷರಗಳ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ತೆಗೆಯಲಿಲ್ಲ. ಆಮೇಲೆ ಸರ್ ಕಡೆ ತಿರುಗಿದರು.

"ಖರೆ ಹೇಳ್ರಿ ಮೇಷ್ಟ್ರ, ನೀವು ನಂಬೀರೇನು?"

"ನೀವು ಕನಸು ಕಂಡದ್ದು ನಂಬೀನಿ ಎರ್ರಮ್ಮ. ಬೊಮ್ಮವ್ವ ಕೆರಿ ಕಟ್ಟಿಸಿದ್ದು, ಇನ್ನಾ ಕೇಳ್ಕಂತ ಅದೀನಿ."

"ಕೇಳ್ರಿ ಕೇಳ್ರಿ. ನಮ್ಮಕ್ಕ ಸುಳ್ಳು ಹೇಳಾಕಿ ಅಲ್ಲ," ಎಂದು ಎರ್ರಮ್ಮ ನಕ್ಕರು.

ಆ ಮಾತಿಗೆ ವರ್ಷಗಳಾದವು. ಸರ್ ಈಗಲೂ ಬಿಡುವಾದಾಗ ಆ ಕೆರೆಯ ಸುತ್ತಿನ ಊರುಗಳಲ್ಲಿ, ಯಾರದೋ ಕಟ್ಟೆಯ ಮೇಲೆ, ಯಾವುದೋ ಅಜ್ಜಿಯ ಮುಂದೆ ಕುಳಿತು ಅದೇ ಪ್ರಶ್ನೆ ಕೇಳುತ್ತಿರುತ್ತಾರೆ. ಶಿಷ್ಯೆಯಾಗಿ ನಾನು ಅವರಿಗೆ ನಮಸ್ಕರಿಸಬೇಕು, ಹಿರಿಯಳಾಗಿ ಹರಸಲೂಬಹುದು. ಅವರ ಕಾಲಿನ ಕಸುವು ಕುಂದದಿರಲಿ, ಪೆನ್ಸಿಲು ಮೊಂಡಾಗದಿರಲಿ. ಆ ಕೆರೆಯನ್ನು ಕಟ್ಟಿಸಿದವರು ಯಾರೆಂಬುದು ಅವರಿಗೆ ಬೇಗನೆ ತಿಳಿಯದಿರಲಿ.

– ಗೀತಮ್ಮ, ಕೂಡ್ಲಿಗಿ