ಕಾಲು ನೋಡಬೇಕು

ಆ ಶನಿವಾರ ಬೆಳಿಗ್ಗೆ ನಾನು ಎಂದಿನಂತೆ ಬಂಗುಡೆ ತೊಳೆಯುತ್ತಿದ್ದಾಗ, ಕಾನ್ವೆಂಟಿನಲ್ಲಿ ನನಗೆ ಪಿಯಾನೊ ಕಲಿಸಿದ ಟೀಚರ್ ಛತ್ರಿ ಹಿಡಿದು ಅಂಗಳಕ್ಕೆ ಬಂದರು.

"ಮೀನು ಮುಚ್ಚಿಡು ಬಾಯೆ. ಉಡುಪಿಗೆ ಹೋಗುವ. ಕಾಲು ನೋಡಬೇಕು."

ಪಾಠದಲ್ಲೂ ಪೆಡಲಿನ ಮೇಲಿನ ನಮ್ಮ ಪಾದಗಳನ್ನೇ ಗಮನಿಸುತ್ತ ಹಾಗೆನ್ನುತ್ತಿದ್ದರು. ಕಾಲ್ಬೆರಳ ತುದಿಯಲ್ಲಿ ನಿಂತು ಕುಣಿಯುವ ಬ್ಯಾಲೆ ಎಂದರೆ ಅವರಿಗೆ ಪ್ರಾಣ. ಕಂಡದ್ದು ಮಾತ್ರ ಸಿಸ್ಟರುಗಳು ಕೊಟ್ಟ ಹಳೆಯ ಪತ್ರಿಕೆಗಳ ಚಿತ್ರಗಳಲ್ಲಿ. ಈಗ ಒಬ್ಬ ಪ್ರಸಿದ್ಧ ನರ್ತಕಿಯ ಜೀವನದ ಇಂಗ್ಲಿಷ್ ಸಿನೆಮಾ ಉಡುಪಿಯ ಟಾಕೀಸಿಗೆ ಬಂದಿತ್ತು. ಆ ಕಾಲುಗಳು ಚಲಿಸುವುದನ್ನು ಅವರು ಮೊದಲ ಬಾರಿ ನೋಡುವವರಿದ್ದರು.

ಕುಣಿತ ಶುರುವಾಯಿತು. ಪರದೆ ತುಂಬ ನರ್ತಕಿಯ ಪಾತ್ರ ಮಾಡಿದ ನಟಿಯ ಮುಖ. ಬಯಲಾಟದಲ್ಲಿ ಮುಂದಿನವರ ತಲೆಯ ಮೇಲಿಂದ ವೇಷದ ಹೆಜ್ಜೆ ನೋಡುವ ಹಾಗೆ, ಟೀಚರ್ ಎದ್ದು ನಿಂತು ಪರದೆಯ ಕೆಳಗಿನ ಅಂಚಿನತ್ತ ಕತ್ತು ಚಾಚಿದರು.

"ಕೂತ್ಕೊಳ್ಳಿ ಮಾರಾಯ್ರೆ!" ಹಿಂದಿನಿಂದ ಯಾರೋ ಕೂಗಿದರು.

"ಕೆಳಗೆ ಉಂಟಲ್ಲ, ಕಾಲು?" ಎಂದು ಟೀಚರ್ ನನ್ನನ್ನು ಕೇಳಿದರು. ಇರಲಿಲ್ಲ. ಕೊನೆಯವರೆಗೂ ಮುಖವೇ.

ಸಂಜೆ ಬಸ್ಸಿಳಿದು ನಮ್ಮ ಅಂಗಳಕ್ಕೆ ಬಂದ ಮೇಲೆ ಅವರ ಸಿಟ್ಟು ಹೊರಬಂತು.

"ಅಳುವುದಕ್ಕೆ ನಟಿ ಸಾಕು. ಕುಣಿಯುವುದಕ್ಕೆ ಕುಣಿಯುವವಳೇ ಬೇಕು, ಅಲ್ವಾ? ಹೀಗೆ ನಿಲ್ಲಬೇಕಿತ್ತು ನೋಡು, ಹೀಗೆ!"

ಚಪ್ಪಲಿ ಬಿಟ್ಟು, ಸೀರೆ ತುಸು ಎತ್ತಿ, ಕಂಪೌಂಡ್ ಗೋಡೆಗೆ ಒಂದು ಕೈಯೂರಿ, ಅವರು ಬೆರಳ ತುದಿಯಲ್ಲಿ ನಿಂತೇಬಿಟ್ಟರು.

ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯಕ್ಕನಿಗೆ ಅವರ ತಲೆಯಷ್ಟೇ ಕಾಣುತ್ತಿತ್ತು.

"ಎಂತ ಟೀಚರ್," ಎಂದರು ಅಕ್ಕ ಬಟ್ಟೆ ಮಡಚುತ್ತ, "ಇವತ್ತು ಉದ್ದ ಆಗಿದ್ದೀರಿ?"