ಹಾಡಿಗೆ ಮುಂಚಿನ ಕಥೆ

ನನ್ನ ಗಂಡ ಒಂದು ಹಾಡನ್ನೂ ಸುಮ್ಮನೆ ಹಾಡಿದವರಲ್ಲ. ಮೊದಲು ಕಥೆ, ಆಮೇಲೆ ಹಾಡು. ಅಮೆರಿಕದ ಹಳೆಯ ಕಂಟ್ರಿ ಗಾಯಕರೆಂದರೆ ಅವರಿಗೆ ಸ್ವಂತ ಚಿಕ್ಕಪ್ಪ ದೊಡ್ಡಪ್ಪಂದಿರಿದ್ದ ಹಾಗೆ. ಒಬ್ಬ ಹಾಲು ಕರೆಯುತ್ತಾ ರಾಗ ಹಿಡಿದವನು, ಒಬ್ಬಳು ಹತ್ತಿ ಬಿಡಿಸುತ್ತಾ ಅಮ್ಮನಿಂದ ಕಲಿತವಳು, ಇನ್ನೊಬ್ಬ ಇಗರ್ಜಿಯ ಗಾಯನ ತಂಡದಿಂದ ಹೊರಹಾಕಿಸಿಕೊಂಡು ಹೆಂಡದಂಗಡಿಯಲ್ಲಿ ಹಾಡಿದವನು. ಗಾಯಕರು ಹೆಸರು ಮಾಡಿದ ಮೇಲಿನ ಸಂಗತಿ ಅವರಿಗೆ ಬೇಕಾಗಿಯೇ ಇರಲಿಲ್ಲ. "ಕಾರು ಬಂಗಲೆ ಬಂದ ಮೇಲೆ ಎಲ್ಲರ ಕಥೆಯೂ ಒಂದೇ ಮಾರಾಯ್ತಿ. ಅದಕ್ಕಿಂತ ಮೊದಲು ಎಂತ ತಿಂದ, ಎಲ್ಲಿ ಮಲಗಿದ, ಅದು ಕೇಳ್ಬೇಕು" ಎನ್ನುತ್ತಿದ್ದರು.

ನಾವು ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ನಮ್ಮವರಿಗೂ ಈ ಹಾಡುಗಳಿಗೂ ಅದೆಂಥ ನಂಟೋ ದೇವರೇ ಬಲ್ಲ. ಯಾವ ಮದುವೆಮನೆಗೆ ಹೋಗಿ, ಎರಡು ಗ್ಲಾಸು ಇಳಿದ ಮೇಲೆ ಯಾರಾದರೊಬ್ಬರು ಗಿಟಾರ್ ಎತ್ತಿಕೊಂಡು ರೈಲು, ಜೈಲು, ಸತ್ತ ಅಮ್ಮ ಎಂದು ಶುರು ಮಾಡಿಯೇ ಮಾಡುತ್ತಾರೆ. ಗಲ್ಫಿನಿಂದ ಮಾವಂದಿರು ತಂದ ಕ್ಯಾಸೆಟ್ಟುಗಳಲ್ಲಿ ಅಂಟಿದ ರೋಗ ಇದು. ನಾನು ಬಂಟ್ವಾಳದ ಹತ್ತಿರ ಕನ್ನಡ ಶಾಲೆಯಲ್ಲಿ ಕಲಿತವಳು. ಆ ಇಂಗ್ಲಿಷು ನನಗೆ ಅರ್ಧ ಹತ್ತುತ್ತಿತ್ತು, ಅರ್ಧ ಇಲ್ಲ. ಅಡುಗೆಮನೆಯಿಂದಲೇ, "ನಿಮ್ಮ ಆ ಅಳುಬುರುಕರನ್ನು ಸ್ವಲ್ಪ ಮಲಗಿಸಿ" ಎಂದು ಕೂಗುತ್ತಿದ್ದೆ. ಅವರು ನಗುತ್ತಿದ್ದರು.

ದೋಹಾಕ್ಕೆ ಬಂದು ಅಲ್ ಹಿಲಾಲ್ ಬಡಾವಣೆಯಲ್ಲಿ ಮನೆ ಮಾಡಿದ ಮೇಲೂ ಇದೇ. ಅವರಿಗೆ ಹಮದ್ ಬಂದರಿನಲ್ಲಿ ಕೆಲಸ. ಕಂಟೇನರುಗಳ ಅಂಗಳದಲ್ಲಿ ವೈರ್‌ಲೆಸ್ ಹಿಡಿದು ಕ್ರೇನಿನವರಿಗೆ, ಲಾರಿಯವರಿಗೆ ಹೇಳಿ ಹೇಳಿ ಪೆಟ್ಟಿಗೆ ಇಡಿಸುವುದು. ಇಂಗ್ಲಿಷ್, ಹಿಂದಿ, ಮಲಯಾಳ, ಬೈಯುವುದಕ್ಕೆ ಬೇಕಾದಷ್ಟು ಅರಬಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ನಮ್ಮ ಸಂಸಾರ ನಿಂತದ್ದೇ ಆ ಬಾಯಿಯ ಮೇಲೆ.

ಆ ಬಾಯಿ ಒಂದು ಬೆಳಿಗ್ಗೆ ನಿಂತುಹೋಯಿತು. ಚಹಾ ಕುಡಿಯುತ್ತಿದ್ದವರು ಸಕ್ಕರೆ ಕೇಳಲು ತಲೆ ಎತ್ತಿದರು, ಶಬ್ದ ಬರಲಿಲ್ಲ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಸ್ಪತ್ರೆಯಿಂದ ಬರುವಾಗ ಕೈಕಾಲು ಹೆಚ್ಚುಕಡಿಮೆ ಸರಿಯಾಗಿದ್ದವು, ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ನನ್ನ ಹೆಸರು ಅವರ ಕಣ್ಣಿನಲ್ಲಿ ಇತ್ತು, ನಾಲಗೆಗೆ ಇಳಿಯುತ್ತಿರಲಿಲ್ಲ. ನೀರು ಬೇಕಾದರೆ ಲೋಟ ಕುಟ್ಟುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ಬೇರೇನು ಮಾಡಲಿ? ಕಂಪೆನಿ ಕೊಟ್ಟ ಸಿಕ್ ಲೀವ್ ಮುಗಿಯುವುದರೊಳಗೆ ಮಾತು ಬರಬೇಕು. ಇಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದು ಸಲ ನನ್ನನ್ನು ಹೆಸರು ಹಿಡಿದು ಕರೆಯಲಿ ಎಂದಷ್ಟೇ ನನ್ನ ಆಸೆ.

ಮನೆಗೆ ಬಂದ ಕೆಲವೇ ದಿನಕ್ಕೆ, ನಾನು ಬಟ್ಟೆ ಮಡಚುತ್ತಿರುವಾಗ ಒಳಗಿನಿಂದ ಹಾಡು ಕೇಳಿಸಿತು. ಫೋನ್ ಇರಬೇಕು ಎಂದುಕೊಂಡೆ. ಹೋಗಿ ನೋಡಿದರೆ ಅವರೇ! ಮಂಚದ ಮೇಲೆ ಕುಳಿತು, ಇಡೀ ಹಾಡು, ಒಂದು ಶಬ್ದ ತಪ್ಪದೆ. ನಾನು ಓಡಿಹೋಗಿ ಕೈ ಹಿಡಿದು, "ನನ್ನ ಹೆಸರು ಹೇಳಿ, ಹೇಳಿ ನೋಡುವ" ಎಂದೆ. ಬಾಯಿ ತೆರೆದರು. "ಆ... ಆ..." ಅಷ್ಟೇ. ಅವರೂ ಬೆದರಿದರು, ನಾನೂ ಬೆದರಿದೆ.

ಮಾತಿನ ಚಿಕಿತ್ಸೆ ಕೊಡುವ ಲೆಬನಾನಿನ ಹೆಂಗಸು ಇದನ್ನು ಕೇಳಿ ಖುಷಿಪಟ್ಟಳು. ಮಾತು ಇರುವ ಜಾಗ ಬೇರೆ, ಹಾಡು ಇರುವ ಜಾಗ ಬೇರೆ, ಹಾಡಿನ ದಾರಿಯಿಂದ ನಿಧಾನಕ್ಕೆ ಮಾತನ್ನು ಎಳೆದು ತರಬಹುದು ಎಂದಳು. ಎಷ್ಟು ಕಾಲ ಬೇಕು ಎಂದರೆ, "ಹಾಡುವುದನ್ನು ಮಾತ್ರ ಬಿಡಿಸಬೇಡಿ" ಎಂದಳು. ಅಲ್ಲಿಗೆ ಆ ಅಳುಬುರುಕರೇ ನಮ್ಮ ಮನೆಯ ವೈದ್ಯರಾದರು. ಪಾತ್ರೆ ತೊಳೆಯುವಾಗ ರೈಲು, ಅನ್ನ ಬಸಿಯುವಾಗ ಜೈಲು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಕೆಡುಕು ಶುರುವಾದದ್ದು ನಮ್ಮ ಜನರ ಪ್ರೀತಿಯಿಂದ. ನೋಡಲು ಬಂದ ಇಲ್ಲಿನ ನಮ್ಮ ಕೊಂಕಣಿ ಸಂಘದವರ ಎದುರು ಅವರು ಹಾಡಿದರು. ಒಬ್ಬರು ವಿಡಿಯೋ ಮಾಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಸಂಜೆಯೊಳಗೆ ದೋಹಾದ ಎಲ್ಲ ಗ್ರೂಪುಗಳಲ್ಲಿ, ಊರಿನ ಎಲ್ಲ ಗ್ರೂಪುಗಳಲ್ಲಿ, ದೇವರ ದಯೆಯಿಂದ ಪೂರ್ಣ ಗುಣ ಎಂದು ಹೂವಿನ ಚಿತ್ರ ಸಮೇತ ಹೋಯಿತು. ಮೇಲಿನ ಮನೆಯ, ನಮ್ಮ ಊರ ಕಡೆಯ ಬ್ಯಾರಿ ಹೆಂಗಸು ಪಾಯಸ ಹಿಡಿದುಕೊಂಡು ಬಂದಳು. "ಅಲ್ಲ, ಮಾತು ಬಂದಿಲ್ಲ" ಎಂದೆ.

"ಎಂತ ಹೇಳುವುದು ನೀವು? ಪದ್ಯ ಹೇಳುವವರಿಗೆ ಮಾತು ಬರುದಿಲ್ವಾ? ಮಾತಾಡ್ಲಿಕ್ಕೆ ಸ್ವಲ್ಪ ನಾಚಿಕೆ ಆಗ್ತಿರ್ಬೇಕು ಅವರಿಗೆ" ಎಂದಳು.

ವಿಡಿಯೋ ಬಂದರಿಗೂ ತಲುಪಿತು. ಅವರ ಈಜಿಪ್ಟಿನ ಮ್ಯಾನೇಜರ್ ನನಗೇ ಫೋನ್ ಮಾಡಿದ. ಸಿಟ್ಟೇನೂ ಇರಲಿಲ್ಲ, ಸಂತೋಷವೇ. "ಮಾಶಾಲ್ಲಾ, ಹಾಡ್ತಾ ಇದ್ದಾನೆ! ಖಲಾಸ್, ಲೀವ್ ಸಾಕು. ಯಲ್ಲಾ, ಹೊರಡಲಿ, ಮುಂದಿನ ವಾರ ಕಳಿಸು, ಕಂಪೆನಿ ಡಾಕ್ಟರ್ ನೋಡಲಿ" ಎಂದ. ನನ್ನ ಇಂಗ್ಲಿಷಿನಲ್ಲಿ ನಾನು ಎಷ್ಟು ಬಿಡಿಸಿ ಹೇಳಿದರೂ ಅವನಿಗೆ ಹತ್ತಲಿಲ್ಲ. ಹಾಡು ಬರುತ್ತದೆ, ಮಾತು ಬರುವುದಿಲ್ಲ ಎಂದರೆ ಯಾರು ತಾನೇ ನಂಬುತ್ತಾರೆ? ನನ್ನ ಕಣ್ಣೆದುರಿಗೆ ಇಲ್ಲದಿದ್ದರೆ ನಾನೂ ನಂಬುತ್ತಿರಲಿಲ್ಲ.

ಅದೇ ವಾರ ತೆನೆಹಬ್ಬ. ಊರಿನಿಂದ ಯಾರೋ ಸೂಟ್‌ಕೇಸಿನಲ್ಲಿ ಭತ್ತದ ತೆನೆ ತಂದಿರುತ್ತಾರೆ, ಹೊಸ ಅಕ್ಕಿಯ ಕಾಳನ್ನು ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು ಕುಡಿಯುತ್ತೇವೆ. ಮೀನು ಮಾಂಸವಿಲ್ಲದೆ ಬಾಳೆಲೆ ಊಟ, ಆಮೇಲೆ ಇಲ್ಲಿನ ಒಂದು ಶಾಲೆಯ ಸಭಾಂಗಣದಲ್ಲಿ ಸಂಘದ ಕಾರ್ಯಕ್ರಮ. ಪ್ರತಿವರ್ಷ ಕೊನೆಯ ಐಟಂ ನನ್ನ ಗಂಡನದು: ಒಂದು ಕಥೆ, ಒಂದು ಹಾಡು. ನಾನು ಬೇಡವೇ ಬೇಡ ಎಂದೆ. "ಸ್ಟೇಜ್ ಹತ್ತಿದ್ರೆ ತನ್ನಿಂತಾನೇ ಬರ್ತದೆ, ನೀವು ಹೆದರಿಸ್ಬೇಡಿ ಅವರನ್ನು" ಎಂದರು ಸಂಘದ ಅಧ್ಯಕ್ಷರು. ನನ್ನ ಗಂಡನೂ ಇಸ್ತ್ರಿ ಮಾಡಿದ ಅಂಗಿ ತೆಗೆದು ನನ್ನ ಕೈಗೆ ಕೊಟ್ಟರು. ಅಷ್ಟು ಆಸೆ ಅವರಿಗೆ. ಗುಂಡಿ ಹಾಕಿಕೊಟ್ಟೆ.

ವೇದಿಕೆ ಹತ್ತಿದರು. ಗಿಟಾರಿನವನು ಶುರು ಮಾಡಿದ. ನೇರ ಹಾಡಿಬಿಟ್ಟಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು. ಆದರೆ ಅವರು ಕೈ ಎತ್ತಿ ಗಿಟಾರ್ ನಿಲ್ಲಿಸಿದರು. ಮೊದಲು ಕಥೆ ಹೇಳಬೇಕಲ್ಲ! ಮೈಕಿನ ಹತ್ತಿರ ಬಾಯಿ ತಂದರು. "ಆ..." ಎಂದರು. ಸಭೆ ಕಾಯಿತು. "ಆ... ಆ..." ಮುಂದಿನ ಸಾಲಿನ ಮಕ್ಕಳು ತಮಾಷೆ ಎಂದು ನಕ್ಕರು. ಯಾರೋ ಶಿಳ್ಳೆ ಹಾಕಿದರು. ಅವರ ಕತ್ತಿನ ನರ ಉಬ್ಬಿತ್ತು. ನನಗೆ ಕೂರಲಾಗಲಿಲ್ಲ. ಎದ್ದು ಹೋಗಿ ಪಕ್ಕದಲ್ಲಿ ನಿಂತು ಮೈಕು ತೆಗೆದುಕೊಂಡೆ.

ಜನ್ಮದಲ್ಲಿ ಮೈಕು ಹಿಡಿದವಳಲ್ಲ ನಾನು. ಆದರೆ ಗಿಟಾರಿನವನು ಶುರು ಮಾಡಿದ್ದು ಯಾವ ಹಾಡು, ಅದರ ಗಾಯಕ ಯಾರು, ಅದಕ್ಕೆ ಅವರು ಹೇಳುತ್ತಿದ್ದ ಕಥೆ ಯಾವುದು ಎಂದು ಗೊತ್ತಿತ್ತು. ಹೇಳತೊಡಗಿದೆ. ಈ ಗಾಯಕನ ಅಪ್ಪ ರೈಲು ಹಳಿ ರಿಪೇರಿ ಮಾಡುವ ಕೂಲಿ. ಮನೆಯಲ್ಲಿ ಎಂಟು ಜನ, ಒಂದೇ ಜೊತೆ ಬೂಟು. ರೇಡಿಯೋ ಸ್ಟೇಷನ್ನಿಗೆ ಹಾಡಲು ಹೋಗುವ ದಿನ ಆ ಬೂಟನ್ನು ಅಣ್ಣನಿಂದ ಕೇಳಿ ಹಾಕಿಕೊಂಡು ಹೋದ. ಒಳಗೆ ಬಿಡಲಿಲ್ಲ. ಮರುವಾರ ಹೋದ, ಬಿಡಲಿಲ್ಲ. ಮೂರನೆಯ ಸಲ ಹಾಡುವವನೊಬ್ಬ ಬರಲಿಲ್ಲವೆಂದು ಇವನನ್ನು ಒಳಗೆ ಕರೆದರು. ಹಾಡಿದ. ಎಂಥ ದುಃಖ ಆ ದನಿಯಲ್ಲಿ! ಊರಿನ ಹೆಂಗಸರೆಲ್ಲ ಅತ್ತರು. ಇಲ್ಲಿ ನಾನು ಸ್ವಲ್ಪ ನಿಲ್ಲಿಸಿದೆ, ಅವರು ಯಾವಾಗಲೂ ನಿಲ್ಲಿಸುತ್ತಿದ್ದ ಜಾಗದಲ್ಲಿ. ಆಮೇಲೆ ಹೇಳಿದೆ, "ಅವನ ಕಾಲಿಗೆ ಬೂಟು ಕಚ್ಚುತ್ತಿತ್ತು ಮಾರಾಯ್ರೇ, ಜನ ಪ್ರೇಮವೈಫಲ್ಯ ಅಂದುಕೊಂಡ್ರು!"

ಸಭೆ ಗೊಳ್ಳೆಂದು ನಕ್ಕಿತು. ಚಪ್ಪಾಳೆಯೋ ಚಪ್ಪಾಳೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಅವರ ಮರ್ಯಾದೆ ಉಳಿಸಿದೆ ಎಂದುಕೊಂಡು, ಮೆಚ್ಚುತ್ತಾರೆ ಎಂದು ತಿರುಗಿ ನೋಡಿದೆ.

ಅವರು ನನ್ನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಸಹಿಸುತ್ತಿದ್ದೆ. ಬಸ್ಸು ಹೋದ ಮೇಲೆ ಸ್ಟ್ಯಾಂಡಿನಲ್ಲಿ ಉಳಿದವರ ಮುಖ ಅದು. ಗಿಟಾರಿನವನು ಮತ್ತೆ ಶುರು ಮಾಡಿದ. ಸಭೆ ಹಾಡಿತು, ನಾನೂ ಬಾಯಿ ಆಡಿಸಿದೆ. ಅವರು ತುಟಿ ಬಿಗಿದು ನಿಂತರು, ಹಾಡು ಮುಗಿಯುವ ತನಕ. ಕೆಳಗೆ ಇಳಿದಾಗ ಎಲ್ಲರೂ ನನ್ನ ಕೈ ಕುಲುಕಿದರು. "ಮುಂದಿನ ವರ್ಷದಿಂದ ನೀವೇ ಹೇಳ್ಬೇಕು" ಎಂದರು ಅಧ್ಯಕ್ಷರು, ನನ್ನ ಗಂಡನ ಎದುರಿಗೇ.

ಅಂದಿನಿಂದ ಮನೆಯಲ್ಲಿ ಹಾಡಿಲ್ಲ. ಕಂಪೆನಿಯ ಡಾಕ್ಟರು ವಿಡಿಯೋ ತೋರಿಸಿ, "ಇದನ್ನೇ ಹಾಡಿ, ಸಾಕು" ಎಂದರೂ ನನ್ನ ಗಂಡ ಬಾಯಿ ತೆರೆಯಲಿಲ್ಲ. ಹಟ ಎಂದು ಬರೆದುಕೊಂಡರೋ, ರೋಗ ಎಂದು ಬರೆದುಕೊಂಡರೋ ಗೊತ್ತಿಲ್ಲ. ಕೆಲಸದ ವಿಷಯ ಇನ್ನೂ ಏನೂ ತಿಳಿಸಿಲ್ಲ. ನಾನು ಕ್ಷಮೆ ಕೇಳಿದೆ. ಅವರು ನನ್ನ ತಲೆ ಸವರಿದರು. ತಪ್ಪೇನು ಎಂದು ನಾನು ಹೇಳಲಾರೆ, ಅವರೂ ಹೇಳಲಾರರು.

ನಿನ್ನೆ ಮತ್ತೆ ಆ ಲೆಬನಾನಿನ ಹೆಂಗಸಿನ ಹತ್ತಿರ ಹೋಗಿದ್ದೆವು. ಎಷ್ಟು ಕೇಳಿಕೊಂಡರೂ ಅವರು ಸುಮ್ಮನೆ ಕಿಟಕಿ ನೋಡುತ್ತಾ ಕುಳಿತರು. ಕೊನೆಗೆ ಅವಳು ನನಗೆ, "ನೀವು ಶುರು ಮಾಡಿ. ಹೆಂಡತಿ ಹಾಡಿದರೆ ಜೊತೆಗೆ ಸೇರಿಕೊಳ್ಳಬಹುದು" ಎಂದಳು. ನನ್ನ ಕಂಠ ಕಾಗೆಯದು, ಆದರೂ ಶುರು ಮಾಡಿದೆ. ಮೊದಲ ಸಾಲು ಮುಗಿದಿರಲಿಲ್ಲ, ಅವರು ನನ್ನ ಕಡೆಗೆ ತಿರುಗಿದರು. ಬಂತು, ಈಗ ಬಂತು ಎಂದುಕೊಂಡು ಇನ್ನೂ ಗಟ್ಟಿಯಾಗಿ ಹಾಡಿದೆ. ಅವರು ಕೈ ಚಾಚಿ ನನ್ನ ಬಾಯಿಯನ್ನು ಮೆಲ್ಲಗೆ ಮುಚ್ಚಿದರು.