ವಾಂಡಾ ಹ್ರುಸ್ಕಾ ಕೇಳಿಸಿಕೊಂಡ ಊರು

ಡ್ರೇಕ್ಸ್ ಬೆಂಡಿನಲ್ಲಿ ಸೈರನ್ ಕೂಗಿದರೆ ಜನ ಕಿಟಕಿಗೆ ಓಡುತ್ತಿರಲಿಲ್ಲ, ವಾಂಡಾ ಹ್ರುಸ್ಕಾಗೆ ಫೋನ್ ಮಾಡುತ್ತಿದ್ದರು. ಉಕ್ಕಿನ ಕಾರ್ಖಾನೆ ಮುಚ್ಚಿ, ಅಂಗಡಿಗಳು ಮುಚ್ಚಿ, ಕೊನೆಗೆ ಪತ್ರಿಕೆಯೂ ಮುಚ್ಚಿದ ಮೇಲೆ ಪೆನ್ಸಿಲ್ವೇನಿಯಾದ ಆ ನದಿತೀರದ ಊರಿಗೆ ಉಳಿದ ಸುದ್ದಿಮನೆ ಎಂದರೆ ಅವಳ ಅಡುಗೆಮನೆ. ಅಲ್ಲಿ ಫ್ರಿಜ್ಜಿನ ನೆತ್ತಿಯ ಮೇಲೆ ಒಂದು ಸ್ಕ್ಯಾನರ್ ಕುಳಿತಿತ್ತು. ಪೊಲೀಸರು, ಬೆಂಕಿ ಆರಿಸುವವರು, ಆಂಬುಲೆನ್ಸಿನವರು ತಮ್ಮತಮ್ಮಲ್ಲಿ ಆಡುವ ಮಾತನ್ನೆಲ್ಲ ಹಿಡಿದು ಕೇಳಿಸುವ ರೇಡಿಯೋ ಅದು. ಗಂಡ ಸ್ಟಾನ್ ಕಲಿಸಿಹೋದ ಅಭ್ಯಾಸ. ಅವನು ತೀರಿಕೊಂಡ ಮೇಲೂ ರೇಡಿಯೋ ದಿನವಿಡೀ ಗೊಣಗುತ್ತಲೇ ಇತ್ತು. ಗೊಣಗುವ ಗಂಡನಿಲ್ಲದ ಮನೆಗೆ ಅಷ್ಟಾದರೂ ಬೇಡವೇ ಎಂದು ವಾಂಡಾ ನಗುತ್ತಿದ್ದಳು.

ಆ ಕಡೆ ಈ ಹುಚ್ಚಿನವರು ಬೇಕಾದಷ್ಟು ಜನ. ಅವಳ ಜೊತೆ ಶಾಲೆಗೆ ಹೋಗಿದ್ದ ಎಮಿಲ್ ರುಸ್ನಾಕ್ ಮನೆಯ ಮಾಡಿನ ಮೇಲೆಲ್ಲ ಆಂಟೆನಾ ನೆಟ್ಟು, ಯಾವ ತರಂಗ ಎಲ್ಲಿಂದ ಬಂತು ಎಂದು ಲೆಕ್ಕ ಹಾಕುವ ಆಸಾಮಿ. ವಾಂಡಾಗೆ ತರಂಗ ಕಟ್ಟಿಕೊಂಡು ಏನಾಗಬೇಕು? ಅವಳು ಕಿವಿಗೊಡುತ್ತಿದ್ದದ್ದು ವಿಳಾಸಕ್ಕೆ. ಯಾರ ಮನೆಗೆ ಕೇಡು ಬಂತೆಂದು ತಿಳಿದೊಡನೆ ಎಲೆಕೋಸು ಹೆಚ್ಚಲು ಕೂರುತ್ತಿದ್ದಳು. ಬೆಣ್ಣೆಯಲ್ಲಿ ನಿಧಾನವಾಗಿ ಬಾಡಿಸಿದ ಎಲೆಕೋಸು, ಈರುಳ್ಳಿ, ಅಗಲ ನೂಡಲ್ಸ್. ಹಲುಷ್ಕಿ ಎನ್ನುತ್ತಾರೆ. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದು ಆ ಊರಿನಲ್ಲಿ ಇಲ್ಲ.

ಅವಳದೊಂದು ಕಟ್ಟುಪಾಡಿತ್ತು. ಹಲುಷ್ಕಿ ಬೇಯುವ ತನಕ ಹೊಸ್ತಿಲು ದಾಟಬಾರದು. ಅಷ್ಟರಲ್ಲಿ ಪೊಲೀಸಿನವನು ಬಂದು ಹೇಳಿ ಹೋಗಿರುತ್ತಾನೆ. ಕೆಟ್ಟ ಸುದ್ದಿ ಹೇಳುವುದು ಅವನ ಕೆಲಸ, ಸುದ್ದಿ ಬಿದ್ದ ಮನೆಯಲ್ಲಿ ಪಾತ್ರೆ ತೊಳೆಯುವುದು ತನ್ನ ಕೆಲಸ. ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ, ರಿಚ್ ವಾರ್ಗೋ ಸಾಯುವವರೆಗೆ.

ಅವತ್ತು ರೇಡಿಯೋದಲ್ಲಿ ಹೆಸರು ಬರಲಿಲ್ಲ. ಸೇತುವೆಯ ತಿರುವಿನಲ್ಲಿ ಹಸಿರು ಪಿಕಪ್, ಮುಂದುಗಡೆ ಹಿಮ ತಳ್ಳುವ ಹಲಗೆ, ಒಬ್ಬನೇ ಇದ್ದ, ಆಂಬುಲೆನ್ಸ್ ಅವಸರ ಮಾಡುವುದು ಬೇಡ ಎಂದಷ್ಟೇ ಬಂತು. ಅವಸರ ಬೇಡವೆಂದರೆ ಜೀವ ಹೋಗಿದೆ ಎಂದೇ ಅರ್ಥ. ಅಂಥ ಗಾಡಿ ಊರಿನಲ್ಲಿ ಒಂದೇ, ರಿಚ್‌ನದು. ರಿಚ್‌ನ ಹೆಂಡತಿ ಕೊಲೀನ್ ಅವಳ ಕೈಯಲ್ಲೇ ಬೆಳೆದ ಹುಡುಗಿ. ಆದರೂ ಕಟ್ಟುಪಾಡು ಮುರಿಯಲಿಲ್ಲ, ಎಲೆಕೋಸು ಮೆತ್ತಗಾಗುವವರೆಗೆ ಕಾದಳು. ಆದರೆ ರಿಚ್‌ನ ಲೈಸೆನ್ಸಿನಲ್ಲಿ ನದಿಯಾಚೆಯ ಹಳೆಯ ಬಾಡಿಗೆ ಮನೆಯ ವಿಳಾಸವೇ ಉಳಿದುಬಿಟ್ಟಿದೆ, ಪೊಲೀಸರು ಅಲ್ಲಿ ಹೋಗಿ ಬಾಗಿಲು ತಟ್ಟುತ್ತಿದ್ದಾರೆ ಎಂಬುದು ಅವಳಿಗೆ ಹೇಗೆ ಗೊತ್ತಾಗಬೇಕು?

ಕೊಲೀನ್ ಒಗೆದ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡೇ ಬಾಗಿಲು ತೆಗೆದಳು. ಪಾತ್ರೆ ನೋಡಿ ನಕ್ಕಳು.

"ಮನೆ ತಪ್ಪಿ ಬಂದ್ರಾ ತೇತಾ? ಯಾರ ಮನೇಲಿ ಏನಾಯ್ತು?"

ತೇತಾ ಎಂದರೆ ಅತ್ತೆ. ಚಿಕ್ಕವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹಾಗೆಯೇ. ಸುಳ್ಳು ಹೇಳಿ ಹಿಂದಿರುಗಬಹುದೆಂದು ವಾಂಡಾಗೆ ತೋಚಲಿಲ್ಲ. ಕೊಲೀನ್ ಅವಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟು, "ರಿಚ್?" ಎಂದು ಒಂದೇ ಮಾತು ಕೇಳಿದಳು. ವಾಂಡಾ ಹೌದೆಂದು ತಲೆಯಾಡಿಸಿದಳು.

ಪೊಲೀಸಿನವನು ಬರುವವರೆಗೂ ವಾಂಡಾ ಅಲ್ಲೇ ಕೂತಿದ್ದಳು. ಅವನು ಬಂದಾಗ ಕೋಟು ಹಾಕಿಕೊಂಡು ಹೊರಟವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಕೊಲೀನ್ ಎದುರಾದರೆ ರಸ್ತೆ ದಾಟುತ್ತಿದ್ದಳು, ಚರ್ಚಿನಲ್ಲಿ ಹಿಂದಿನ ಸಾಲು ಹಿಡಿಯುತ್ತಿದ್ದಳು. ಒಬ್ಬ ಹೆಂಗಸಿನ ಗಂಡನ ಸಾವನ್ನು ಪಾತ್ರೆಯಲ್ಲಿಟ್ಟು ಕೊಟ್ಟೆನಲ್ಲ ಎಂಬ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ರೇಡಿಯೋ ಆರಿಸಿಬಿಡಬೇಕೆಂದು ಎಷ್ಟೋ ಸಲ ಕೈ ಚಾಚಿದಳು. ಆಗಲಿಲ್ಲ. ಅದೂ ಹೋದರೆ ಊರಿನಲ್ಲಿ ತಾನು ಯಾರು?

ಹೀಗಿರುವಾಗ ಒಂದು ಮಧ್ಯಾಹ್ನ ಎಮಿಲ್ ಏದುಸಿರು ಬಿಡುತ್ತ ಬಂದ.

"ಕೇಳಿದ್ಯಾ ವಾಂಡಾ? ಕೌಂಟಿಯವರು ರೇಡಿಯೋ ಮಾತಿಗೆಲ್ಲ ಬೀಗ ಹಾಕ್ತಾರಂತೆ."

"ಹೋದ್ಸಲ ಡಿಜಿಟಲ್ ಆಯ್ತು ಅಂತ ನನ್ ಕೈಲಿ ಹೊಸ ಡಬ್ಬಿ ಕೊಳ್ಳಿಸ್ದೆ. ಈಗ ಮತ್ತೊಂದಾ?"

"ಇದು ಹಂಗಲ್ಲ ಮಾರಾಯ್ತಿ. ಆಗ ಬರೀ ಭಾಷೆ ಬದಲಾಯ್ತು, ನಮ್ಮ ಡಬ್ಬಿನೂ ಕಲೀತು. ಈಗ ಬೀಗದ ಕೈ ಅವರ ರೇಡಿಯೋ ಒಳಗಿರುತ್ತೆ. ನೀನು ಚಿನ್ನದ ಸ್ಕ್ಯಾನರ್ ತಂದ್ರೂ ಒಂದು ಪದ ಬಿಡಿಸೋಕಾಗಲ್ಲ. ಸಭೆ ಕರೆದಿದಾರೆ. ನಮ್ಮ ಪರವಾಗಿ ನೀನು ಮಾತಾಡ್ಬೇಕು."

"ನೀನೇ ಮಾತಾಡು. ಬಾಯಿಗೇನ್ ಬರ ನಿಂಗೆ?"

"ನಾನು ಆಂಟೆನಾ ಅಂತ ಶುರು ಮಾಡಿದ್ರೆ ಜನ ಎದ್ದು ಹೋಗ್ತಾರೆ. ನೀನಂದ್ರೆ ಊರು ಕೇಳುತ್ತೆ."

"ವಾರ್ಗೋ ಮನೆ ವಿಷಯ ಆದ್ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲೋ ಎಮಿಲ್?"

ಎಮಿಲ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತ, ಕಾಫಿ ಕುಡಿದ, ಸಭೆಯಲ್ಲಿ ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಹೋದ.

ಆದರೂ ಸಭೆಗೆ ವಾಂಡಾ ಹೋದಳು. ಕೌಂಟಿಯ ಅಧಿಕಾರಿ ಎದ್ದು ಕಾರಣ ಹೇಳಿದ. ಕಳ್ಳರು ಪೊಲೀಸರ ಮಾತು ಕದ್ದು ಕೇಳುತ್ತಾರೆ, ರೋಗಿಗಳ ಗುಟ್ಟು ಊರೆಲ್ಲ ಹಬ್ಬುತ್ತದೆ, ಗಂಡನಿಂದ ತಪ್ಪಿಸಿಕೊಂಡ ಹೆಂಗಸು ಎಲ್ಲಿದ್ದಾಳೆಂದು ಅದೇ ಗಂಡನ ಕಿವಿಗೆ ಬೀಳುತ್ತದೆ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತು. ಕೊನೆಯಲ್ಲಿ ಅವನು, "ಒಂದು ಮನೆಯಲ್ಲಂತೂ ನಮ್ಮವರು ಹೋಗೋ ಮುಂಚೆ ಸಾವಿನ ಸುದ್ದಿ ಪಕ್ಕದೋರಿಂದ ಮುಟ್ಟಿದೆ. ಯಾವ ಹೆಂಡತಿಗೂ ಹಂಗಾಗಬಾರದು" ಎಂದ.

ವಾಂಡಾ ಎದ್ದು ನಿಂತಳು. ಎಮಿಲ್ ಬರೆದುಕೊಟ್ಟಿದ್ದ ಚೀಟಿ ಕೈಯಲ್ಲೇ ಮುದುಡಿತು.

"ಆ ಪಕ್ಕದೋಳು ನಾನೇ" ಎಂದಳು. "ಆ ರೇಡಿಯೋ ಇಲ್ದೇ ಹೋದ್ರೆ ನನ್ನ ಅಡುಗೆಮನೆ ಗೋರಿ ಆಗುತ್ತೆ. ಆದ್ರೂ ಬೀಗ ಹಾಕ್ಬೇಡಿ ಅಂತ ಕೇಳೋಕೆ ಬಾಯಿ ಬರ್ತಿಲ್ಲ. ನಂಗೆ ಆ ಹಕ್ಕಿಲ್ಲ. ಅಷ್ಟೇ."

ಕೂರುವಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. ಕೊಲೀನ್ ಎದ್ದಿದ್ದಳು.

"ಸ್ವಾಮಿ, ನನ್ನ ಕಥೆ ಹೇಳೋದಾದ್ರೆ ಪೂರ್ತಿ ಹೇಳಿ. ನಿಮ್ಮವರು ಬಂದಾಗ ಕತ್ತಲಾಗ್ತಿತ್ತು. ಮೆಟ್ಟಿಲ ಮೇಲೇ ನಿಂತು, ಚೀಟಿ ನೋಡಿ, ನನ್ನ ಹೆಸರೂ ತಪ್ಪು ಹೇಳಿದ್ರು. ಅಷ್ಟು ಹೊತ್ತು ನನ್ನ ತಲೆ ಮಡಿಲಲ್ಲಿಟ್ಕೊಂಡು ಕೂತಿದ್ದವರು ಇವರು."

ಅಧಿಕಾರಿ ಕ್ಷಮೆ ಕೇಳಿದ, ಮನಸ್ಸಿನಿಂದಲೇ ಕೇಳಿದ. ಆಮೇಲೆ ಕೈ ಎತ್ತಿಸಿದರು, ಬೀಗ ಹಾಕುವುದೆಂದೇ ತೀರ್ಮಾನವಾಯಿತು.

ಹೊರಗೆ ಕಾರುಗಳ ನಡುವೆ ವಾಂಡಾ ಕೊಲೀನಳಿಗಾಗಿ ಕಾದಳು.

"ನೀನು ಅಷ್ಟು ದೊಡ್ಡ ಮನಸ್ಸು ಮಾಡ್ಬೇಕಿರ್ಲಿಲ್ಲ ಕೊಲೀನ್."

"ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ನಂಗೆ ನಿಮ್ಮ ಮೇಲೆ ಈಗ್ಲೂ ಸಿಟ್ಟಿದೆ."

"ಗೊತ್ತು. ಪೊಲೀಸರಿಗಿಂತ ಮೊದಲು ಬಂದೆ."

"ಬಂದಿದ್ದಕ್ಕಲ್ಲ ತೇತಾ. ಆಮೇಲೆ ಬರ್ಲಿಲ್ವಲ್ಲ, ಅದಕ್ಕೆ. ಊರೋರ ಮನೆಗೆಲ್ಲ ಹೋಗ್ತೀರ, ನನ್ನ ಕಂಡ್ರೆ ರಸ್ತೆ ದಾಟ್ತೀರ. ಅವತ್ತು ನಾನು ಇಬ್ಬರನ್ನ ಕಳ್ಕೊಂಡೆ."

ವಾಂಡಾ ಅತ್ತಳು. ಪಶ್ಚಾತ್ತಾಪವೆಂದು ತಾನು ತಿಳಿದದ್ದು ಇನ್ನೊಬ್ಬಳಿಗೆ ಶಿಕ್ಷೆಯಾಗಿತ್ತು. ಇದಕ್ಕಿಂತ ಕಠಿಣವಾದ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ರೇಡಿಯೋ ಮಾತಿಗೆ ಬೀಗ ಬಿದ್ದ ಬೆಳಿಗ್ಗೆ ಅವಳು ಕೊಲೀನಳ ಮನೆಯಲ್ಲಿದ್ದಳು. ಕೆಳಬೀದಿಯಲ್ಲಿ ಸೈರನ್ ಕೂಗಿತು, ಆಂಬುಲೆನ್ಸ್ ಗುಡ್ಡದ ಕಡೆ ಏರಿಹೋಯಿತು. ಇಬ್ಬರೂ ಮೆಟ್ಟಿಲಿಗೆ ಬಂದರು. ಬೀದಿಯ ಉದ್ದಕ್ಕೂ ಜನ ಹೊರಗೆ ಬಂದು ನಿಂತಿದ್ದರು. ಎದುರುಮನೆಯವನು ಅಲ್ಲಿಂದಲೇ ಕೂಗಿ ಕೇಳಿದ, "ಯಾರಿಗೇನಾಯ್ತು ತೇತಾ?"

"ಗೊತ್ತಿಲ್ಲಪ್ಪ" ಎಂದಳು ವಾಂಡಾ.

ಕೊಲೀನ್ ಒಳಗೆ ಹೋಗಿ ಇಬ್ಬರ ಕೋಟನ್ನೂ ತಂದಳು. "ನಡೀರಿ, ನೋಡ್ಕೊಂಡು ಬರೋಣ."

"ಯಾರ ಬಾಗಿಲು ಅಂತ ತಟ್ಟೋದೇ?"

"ಮೊದಲನೇದರಿಂದ ಶುರು ಮಾಡೋಣ."

ಏರು ಕಡಿದಾಗಿತ್ತು, ವಾಂಡಾಳ ಮೊಣಕಾಲು ಕೇಳುತ್ತಿರಲಿಲ್ಲ. ಅರ್ಧ ಹತ್ತುವಷ್ಟರಲ್ಲಿ ಆಂಬುಲೆನ್ಸ್ ಎದುರಿನಿಂದಲೇ ಇಳಿದುಬಂತು, ಸದ್ದಿಲ್ಲದೆ, ಅವಸರವಿಲ್ಲದೆ. ಒಳಗಿರುವುದು ಯಾರೆಂದು ತಿಳಿಯಲಿಲ್ಲ. ಹೆಸರು ಗೊತ್ತಿಲ್ಲದೆಯೇ ವಾಂಡಾ ಶಿಲುಬೆಯ ಗುರುತು ಹಾಕಿಕೊಂಡಳು. ಮೇಲೆ ಯಾವುದೋ ಮನೆಯಲ್ಲಿ ಬಾಗಿಲು ಹಾಕುವುದನ್ನೂ ಮರೆತು ಯಾರೋ ಒಬ್ಬರೇ ನಿಂತಿರುತ್ತಾರೆ. ಅವಳು ಕೊಲೀನಳ ತೋಳು ಹಿಡಿದುಕೊಂಡು ಹತ್ತಿದಳು.